ಪಿನ್ನಿನ ಲೆಕ್ಕ

ಗೋಕುಲ ರೋಡಿನ ಎಸ್ಟೇಟಿನಲ್ಲಿ ಮೂರನೆಯ ಶೆಡ್ಡು.
ಹೊರಗೆ ಬೋರ್ಡಿಲ್ಲ, ಎಣ್ಣೆ-ತಗಡಿನ ವಾಸನೆಯೇ ಗುರುತು.
ಒಳಗೆ ಹುಟ್ಟುವುದು ಸ್ಟೋ ಪಿನ್ನು:
ಬೆರಳುದ್ದದ ತಗಡು, ತುದಿಗೆ ಕೂದಲೆಳೆ ತಂತಿ,
ಬರ್ನರಿನ ಮೂಗು ಕಟ್ಟಿದರೆ ಚುಚ್ಚಿ
ಉಸಿರು ಬಿಡಿಸಲಿಕ್ಕೆ.

ನಾನು ಲೆಕ್ಕ ಬರೆಯಲು ಸೇರಿದ ವರ್ಷ
ಪಿನ್ನಿಗೆ ಬೀಳುತ್ತಿದ್ದದ್ದು ಹನ್ನೊಂದು ಪೈಸೆ.
ತಗಡಿಗೆ ನಾಲ್ಕು, ತಂತಿಗೆ ಎರಡು,
ಕೈಗೆ ಮೂರು. ಕೈ ಎಂದರೆ ಹುಸೇನಬಿ.
ಕರೆಂಟು, ಬಾಡಿಗೆ, ನನ್ನ ಪಗಾರ ಸೇರಿ ಒಂದು,
ಉಳಿದ ಒಂದು ಪೈಸೆ ಡೈಯ ಸವಕಳಿ.
ಬಡಿಗೇರ ಮೌನೇಶಪ್ಪ ಎಂಟು ಸಾವಿರಕ್ಕೆ ಕಡೆದ ಡೈ;
ಎಂಟು ಲಕ್ಷ ಹೊಡೆತಕ್ಕೆ ತೀರುತ್ತದೆಂದು ಭಾಗಿಸಿ ಇಟ್ಟಿದ್ದೆ.
ಅದು ನನ್ನ ಭಾಗಾಕಾರ ಕೇಳಲಿಲ್ಲ,
ಇನ್ನೂ ಹೊಡೆಯುತ್ತಲೇ ಇದೆ.

ದುರ್ಗದಬೈಲಿಗೆ ಹದಿನೈದು ಪೈಸೆಗೆ ಕೊಡುತ್ತಿದ್ದೆವು.
ಬೆಟಗೇರಿಯವನೊಬ್ಬ ಹನ್ನೆರಡಕ್ಕೆ ಇಳಿದ.
ಸಾಹುಕಾರ ನಾಗೂಸಾ ಬಾಕಳೆ ವಹಿ ನನ್ನ ಕಡೆ ತಿರುಗಿಸಿ,
‘ನಾವೂ ಹನ್ನೆರಡಕ್ಕ ಕೊಡೂದು. ಹನ್ನೊಂದರಾಗ
ಏನ್ ತಗೀತಿ ತಗಿಯವ್ವ’ ಅಂದರು.
ತಗಡು ತೆಳುವಾಯಿತು. ಕೈಯ ಮೂರು ಎರಡೂವರೆಯಾಯಿತು.
ಆ ಅರ್ಧ ಪೈಸೆ ಕಡಿದವಳು ನಾನೇ,
ಚಲೋ ಅಕ್ಷರದಲ್ಲಿ.

ಮಾಲು ಹುಟ್ಟುತ್ತದೆ, ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ ಎಂದು
ಕಾಮರ್ಸ್ ಕಾಲೇಜಿನ ಸರ್ ಬೋರ್ಡಿನ ಮೇಲೆ
ನೃಪತುಂಗ ಬೆಟ್ಟದಂಥದೊಂದು ಗೆರೆ ಎಳೆದಿದ್ದರು.
ಇಳಿಜಾರಿನಲ್ಲಿ ಯಾರ ಮನೆಗಳಿವೆ ಎಂಬುದು
ಪರೀಕ್ಷೆಗೆ ಇರಲಿಲ್ಲ.

ಸಿಲಿಂಡರು ಬಂತು. ಬೆಟಗೇರಿಯವನು ಮುಚ್ಚಿದ.
ಪಕ್ಕದ ಶೆಡ್ಡಿನಲ್ಲಿ ಈಗ ಮೊಬೈಲ್ ಕವರು.
ಮಾರಲು ಹೋದ ಫಕ್ಕೀರೇಶ ತುಂಬಿದ ಚೀಲವನ್ನೇ ಹೊತ್ತು ಬಂದ:
‘ಪಿನ್ ಅಂದ್ರ ಸಿಮ್ ತಗಿಯೂ ಪಿನ್ನೇನ್ರಿ ಅಂತಾರ್ರೀ!’

ಮುಚ್ಚುತ್ತಾರೆಂದು ನಾನು ಬಾಕಿ ಪಟ್ಟಿ ಬರೆದಿಟ್ಟಿದ್ದೆ.
ಸಾಹುಕಾರ ನಕ್ಕರು. ‘ಡೈದ ರೊಕ್ಕ ಯಾವಾಗೋ ತೀರೇತಿ.
ಸಾಯೂ ಮಾಲಿಗೆ ರೇಟ್ ಇಳಸಬಾರ್ದು, ಏರಸಬೇಕು.
ತಗೊಳ್ಳಾವ್ರು ಎಲ್ಲಿಗೆ ಹೋಗ್ತಾರ?’
ಒಂದು ರೂಪಾಯಿ ಮಾಡಿದೆವು. ತೆಗೆದುಕೊಂಡರು.
ಎಲ್ಲಿಗೂ ಹೋಗಲಾರದವರು:
ರಾತ್ರಿ ಚಹಾದ ಗಾಡಿಯವರು,
ಸೇತುವೆ ಕೆಲಸಕ್ಕೆ ಬಂದು ತಗಡಿನ ಗುಡಿಸಲಲ್ಲಿ ಅಡಿಗೆ ಮಾಡುವವರು.
ಬಡವರಿಗಷ್ಟೇ ತುಟ್ಟಿಯಾದ ಮಾಲಿನಲ್ಲಿ
ನಮ್ಮ ಶೆಡ್ಡು ಐದು ವರ್ಷ ಉಂಡಿತು.

ಆಮೇಲೆ ಅಣ್ಣಿಗೇರಿಯಿಂದ ಫಕ್ಕೀರೇಶ ಫೋನು ಹಚ್ಚಿದ.
ಹತ್ತಿಗೆ ಎಣ್ಣಿ ಹೊಡೆಯುವ ಪಂಪಿನ ಮೂಗೂ ಕಟ್ಟುತ್ತದಂತೆ,
ಅಂಗಡಿಯವನೊಬ್ಬ ನಮ್ಮದೇ ಹಳೆಯ ಪಿನ್ನಿನಿಂದ ಬಿಡಿಸಿದನಂತೆ.
ಗದಗಿನ ಪ್ರೆಸ್ಸಿನಲ್ಲಿ ಹಸಿರು ಪಾಕೀಟು ಹೊಡೆಸಿದೆವು,
ಮೇಲೊಂದು ಎಲೆ, ಎಲೆಯ ಮೇಲೊಂದು ಹನಿ.
ಹೆಸರು ‘ನಾಜಲ್ ಮಿತ್ರ’. ಐದು ಪಿನ್ನಿಗೆ ಇಪ್ಪತ್ತೈದು.
ಪಿನ್ನಿಗೆ ಬಿದ್ದದ್ದು ಅರವತ್ತು ಪೈಸೆ,
ಪಾಕೀಟಿಗೆ ಒಂದು ಹತ್ತು.
ಒಡಲಿಗಿಂತ ಅಂಗಿ ತುಟ್ಟಿಯಾದ ಮೊದಲ ಸಲ
ಎರಡೆರಡು ಬಾರಿ ಕೂಡಿಸಿ ನೋಡಿದೆ.

ಹುಸೇನಬಿ ಪಾಕೀಟು ಹಿಡಿದು ಬೆಳಕಿಗೆ ಎತ್ತಿದಳು.
ಈಗ ಕಣ್ಣಿಗೆ ಹತ್ತಿರದ್ದು ಕಾಣುವುದಿಲ್ಲ,
ತಂತಿಯನ್ನು ಬೆರಳೇ ನೋಡುತ್ತದೆ.
‘ಇದೊಂದು ಕೊಳ್ಳಾಕ ನಾ ಎಷ್ಟ ಹೊಡೀಬೇಕವ್ವಾ?’
ಪಿನ್ನಿಗೆ ಹದಿನೈದು ಪೈಸೆ. ನಾನು ಕ್ಯಾಲ್ಕುಲೇಟರ್ ಒತ್ತಿದೆ.
ನೂರಾ ಅರವತ್ತೇಳು.
‘ಐದ ಪಿನ್ನಿಗೆ ನೂರಾ ಅರವತ್ತೇಳ ಪಿನ್ನು’
ಎಂದು ಒಮ್ಮೆ ಹೇಳಿದಳು, ನೆನಪಿಟ್ಟುಕೊಳ್ಳುವವರ ಹಾಗೆ.
ಸಿಟ್ಟಿರಲಿಲ್ಲ. ಇದ್ದಿದ್ದರೆ
ನನಗೆ ಬರೆಯಲು ಒಂದು ಕಾಲಮ್ಮಾದರೂ ಸಿಗುತ್ತಿತ್ತು.

ಐದೂವರೆಗೆ ಹೊರಡುವಾಗ ರಾಶಿಯಿಂದ ಒಂದು ಪಿನ್ನು ಎತ್ತಿ
ಸೆರಗಿನ ತುದಿಗೆ ಸಿಕ್ಕಿಸಿಕೊಂಡಳು.
‘ಮನ್ಯಾಗ ಸ್ಟೋ ಐತಿ ಇನ್ನೂ.’

ವಹಿ ಮುಚ್ಚುವ ಮುಂಚೆ ಬರೆದೆ:
ಹಾಳಾದ ಮಾಲು, ಒಂದು.