ಯಾರ ಖಾತೆಗೆ

ಬೈತಖೋಲದ ಡೀಸೆಲ್ ಬಂಕಿನಲ್ಲಿ ನಾನು ಗುಮಾಸ್ತ.
ಮೀನುಗಾರರ ಸೊಸೈಟಿಯದು. ಇಪ್ಪತ್ತೆರಡು ವರ್ಷ.
ಎಷ್ಟು ಕೈ ತೊಳೆದರೂ ಅನ್ನಕ್ಕೆ ಅದೇ ವಾಸನೆ;
ಹೆಂಡತಿ ಈಗ ಹೇಳುವುದನ್ನು ಬಿಟ್ಟಿದ್ದಾಳೆ.

ಟೀವಿಯಲ್ಲಿ ಯುದ್ಧ ಶುರುವಾದ ದಿನ
ಬಂಗಡೆ ಇಳಿಸುತ್ತಿದ್ದವರೆಲ್ಲ ಬುಟ್ಟಿ ಬಿಟ್ಟು ಬಂದು ನಿಂತರು.
ಕೋಟು ತೊಟ್ಟವನೊಬ್ಬ ಹೇಳುತ್ತಿದ್ದ:
ಅಲ್ಲಿಯ ಜನರನ್ನು ಬಿಡಿಸಲಿಕ್ಕೆ ಹೊರಟಿದ್ದೇವೆ,
ನಮಗಾಗಿ ಏನೂ ಬೇಡ.
ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.
ಸುಳ್ಳು ಎನ್ನಲಾರೆ. ಒದ್ದೆಯೇ ಆಗಿತ್ತು.
ಅವನ ಗದ್ದದ ಕೆಳಗಿನ ಪಟ್ಟಿಯಲ್ಲಿ
ಪೀಪಾಯಿಯ ದರ ಓಡುತ್ತಿತ್ತು,
ಬಾಲಕ್ಕೆ ಬೆಂಕಿ ಹತ್ತಿದ ಹಾಗೆ.

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಮಾರಾಯ"
ಎಂದ ಸಾತು, ಹಚ್ಚದ ಬೀಡಿ ಕಚ್ಚಿಕೊಂಡೇ.
ಎಲ್ಲರೂ ನಕ್ಕರು. ನಾನೂ.
ಆಮೇಲೆ ಏಣಿ ಹತ್ತಿ ಬೋರ್ಡಿನ ದರ ಅಳಿಸಿ
ಹೊಸ ಅಂಕಿ ಬರೆದೆ.

ನಗಲಿಕ್ಕೆ ನನಗೇನು ಹಕ್ಕು?
ಆ ಆಗಸ್ಟಿನ ಗಾಳಿ ನೆನಪಿದೆ.
ಮೀನುಗಾರಿಕೆ ತೆರೆದು ಹತ್ತು ದಿನ ಆಗಿರಲಿಲ್ಲ,
ದಾಮು ತಾಂಡೇಲನ ದೋಣಿ ಕೂರ್ಮಗಡದ ಆಚೆ ಕಾಣೆಯಾಯಿತು.
ಕೇಳಿದವರಿಲ್ಲ, ಕರೆದವರಿಲ್ಲ,
ಹನ್ನೊಂದು ಬೋಟು ತಾವಾಗಿ ಪಂಪಿನೆದುರು ಸಾಲು ನಿಂತವು.
ಬಲೆಯ ಜಗಳಕ್ಕೆ ದಾಮುವನ್ನು ಕೋರ್ಟಿಗೆ ಎಳೆದವನ ಬೋಟೂ ಇತ್ತು.
ತುಂಬಿಸು ಎಂದರು. ತುಂಬಿಸಿದೆ.
ರಾತ್ರಿಯಿಡೀ ಕಾಳಿಯ ಅಳಿವೆಯಿಂದ ಅಂಜದೀವಿನ ತನಕ
ದೀಪಗಳು ಹುಡುಕಿದವು.
ಮನುಷ್ಯನ ಮೇಲೆ ನನಗಿರುವ ನಂಬಿಕೆಯೆಲ್ಲ
ಆ ಒಂದು ರಾತ್ರಿಯದು. ಬೇರೆ ಬಂಡವಾಳ ಇಲ್ಲ.

ಇಬ್ಬರು ಹುಡುಗರು ಸಿಕ್ಕರು. ದಾಮು ಸಿಗಲಿಲ್ಲ.

ತಿಂಗಳ ಕೊನೆಗೆ ಕಮಿಟಿ ಕೂತಿತು. ಚಹಾ ಬಂತು.
ಎರಡು ಸಾವಿರದ ನೂರ ನಲವತ್ತು ಲೀಟರ್,
ಯಾರ ಖಾತೆಗೆ?
ದೇವರ ಖಾತೆಗೆ, ಎಂದರು ಒಬ್ಬರು, ಮೆಲ್ಲಗೆ.
ಆ ಹೆಸರಿನ ಸದಸ್ಯ ನಮ್ಮಲ್ಲಿಲ್ಲ, ಎಂದರು ಅಧ್ಯಕ್ಷರು.
ಹನ್ನೊಂದು ಬೋಟಿನವರು ನೆಲ ನೋಡಿದರು.
ಯಾರೂ ಕೆಟ್ಟವರಲ್ಲ. ಇದನ್ನೂ ಬರೆದಿಡಬೇಕು.
ಹಿಂದಿನ ಬೆಂಚಿನಿಂದ ಶೆವಂತಿ ಎದ್ದಳು,
ಮೀನು ಮಾರುವ ಸೀರೆಯಲ್ಲೇ:
"ನನ್ನ ಹೆಸರಿಗೆ ಬರೆ. ಹುಡುಕಿದ್ದು ನನ್ನವನನ್ನಲ್ಲವಾ."

ಬೇಡ, ಬೇಡ ಎಂದರು ಎಲ್ಲರೂ.
ಒಂದು ಉಸಿರಿನಷ್ಟು ತಡವಾಗಿ.
ಅಷ್ಟರಲ್ಲಿ ನನ್ನ ಪೆನ್ನು ಬರೆದಿತ್ತು.

ಲೀಟರಿಗೆ ಇಷ್ಟು ಪೈಸೆ ಎಂದು ನನಗೂ ಕಮಿಷನ್ ಉಂಟು.
ಆ ಎರಡು ಸಾವಿರದ ನೂರ ನಲವತ್ತಕ್ಕೂ ಬಂತು.
ಮಗಳಿಗೆ ಚಪ್ಪಲಿ ಆಯಿತು; ಅದಕ್ಕೀಗ
ದಂಡೆಯ ಡಾಂಬರು ಅಂಟಿದೆ, ಎಲ್ಲಿಯ ಹಡಗಿನದೋ.

ಶೆವಂತಿ ತಿಂಗಳಿಗೆ ಇನ್ನೂರು ಕಟ್ಟುತ್ತಾಳೆ.
ನಿನ್ನೆಯೂ ಬಂದಿದ್ದಳು. ಟೀವಿಯಲ್ಲಿ ಅವನೇ,
ಧ್ವನಿ ಆರಿಸಿದ್ದೆವು, ಬಾಯಿ ಮಾತ್ರ ಆಡುತ್ತಿತ್ತು.
ನೋಟುಗಳನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು
ಬೋರ್ಡಿನ ಕಡೆ ಒಮ್ಮೆ ನೋಡಿ ಕೇಳಿದಳು:
"ನನ್ನ ಬಾಕಿಗೆ ಹಳೆಯ ದರವಾ,
ಇಲ್ಲಾ ಹೊಸದಾ?"