ಚಿಮುಕಲಾ ದರ್ಯಾ

ಹನ್ನೊಂದು ದಿನವಾಯಿತು
ಅಣಬೆ ಹವಳ ಬಾಯಿ ಬಿಟ್ಟಿಲ್ಲ.
ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು
ಇಸ್ತ್ರಿ ಕಾಣದ ಖಾಕಿ ಅಂಗಿಯ ಹಾಗೆ ಮುದುರಿ
ಒಂದು ಬದಿಗೆ ವಾಲಿದೆ.

ಭಾಯಂದರಿನ ಮೂರನೇ ಮಹಡಿ, ಪಡುಗೋಡೆ,
ಮೂರಡಿ ಗಾಜು, ಇನ್ನೂರು ಲೀಟರ್ ಉಪ್ಪುನೀರು.
ಇದಕ್ಕೆ ಸುರಿದ ದುಡ್ಡಿನಲ್ಲಿ
ಒಂದು ಫ್ರಿಜ್ಜು, ಎರಡು ಬಳೆ ಬರುತ್ತಿತ್ತೆಂದು
ಸುಗಂಧಿ ಲೆಕ್ಕ ಇಟ್ಟಿದ್ದಾಳೆ. ಹೇಳುವುದಿಲ್ಲ,
ಲೆಕ್ಕ ಇಟ್ಟಿದ್ದಾಳೆ ಅಷ್ಟೆ.

ನಾನು ಲಿಫ್ಟು ರಿಪೇರಿಯವನು.
ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ
ಬೈಗುಳ ಕೇಳುತ್ತ ತಂತಿ ತಂತಿ ತಡವಿದವನು.
ಯಂತ್ರ ಸುಳ್ಳು ಹೇಳುವುದಿಲ್ಲ:
ಬಾಗಿಲು ಪೂರ್ತಿ ಮುಚ್ಚಿಲ್ಲ, ಇಲ್ಲವೆ ಫ್ಯೂಸು, ಇಲ್ಲವೆ ಇಲಿ.
ಹವಳ ಏನೂ ಹೇಳುವುದಿಲ್ಲ,
ಸುಳ್ಳನ್ನು ಕೂಡ.

ಉಪ್ಪು ಅಳೆದೆ, ಸರಿ ಇತ್ತು.
ಶಾಖ ಇಪ್ಪತ್ತಾರು, ಮಧ್ಯಾಹ್ನಕ್ಕೆ ಇಪ್ಪತ್ತೇಳು.
ಸಣ್ಣ ಶೀಸೆಗೆ ಎಂಟು ಹನಿ ಹಾಕಿ ಕುಲುಕಿ
ಟ್ಯೂಬ್‌ಲೈಟಿಗೆ ಹಿಡಿದು
ಬಣ್ಣದ ಪಟ್ಟಿಗೆ ಹೊಂದಿಸಿದೆ, ನಸುಹಳದಿ.
'ನನ್ನ ಜ್ವರ ನೋಡಿದ್ದು ಅಂಗೈಯಲ್ಲಿ,
ಅದೂ ಟೀವಿ ನೋಡುತ್ತ' ಅಂದಳು ಒಳಗಿನಿಂದ.
ಪಂಪಿನ ಮುಖ ತಿರುಗಿಸಿದೆ. ದೀಪವನ್ನು ಗೇಣೆತ್ತರ ಏರಿಸಿದೆ.
ಪಕ್ಕದ ಹಸಿರು ಹವಳ ವಿಷ ಕಾರುತ್ತಿದೆಯೆಂದು
ಕಲ್ಲುಸಮೇತ ಎತ್ತಿ ಆಚೆ ಮೂಲೆಗೆ ಕಳಿಸಿದೆ;
ಜಾಗವಿಲ್ಲದ ಊರಿನಲ್ಲಿ
ಮೊದಲ ಗುಮಾನಿ ನೆರೆಯವರ ಮೇಲೆ.
ಸೊಳ್ಳೆಬತ್ತಿ ನಿಲ್ಲಿಸಿದೆ. ಸೊಳ್ಳೆಗಳು ನಮ್ಮನ್ನು ಉಂಡವು.

ಕುರ್ಲಾದ ಅಂಗಡಿಯ ತೌಫೀಕ್
ಚಹಾ ಹೀರುತ್ತ ಫೋನಿನಲ್ಲಿ ಕೇಳಿದ:
'ಮೈಮೇಲೆ ಮೇಣದಂಥ ಪೊರೆ?'
ಇದೆ.
'ಹಾಗಾದರೆ ಬಿಡು. ಚರ್ಮ ಬದಲಿಸುತ್ತಿದೆ.
ಕೊಳೆತ ವಾಸನೆ ಬಂದರೆ ಮಾತ್ರ ಹೇಳು.
ಅಲ್ಲಿಯತನಕ ಕೈ ತೊಳೆದು ಜೇಬಿನಲ್ಲಿಟ್ಟುಕೋ.'

ಜೇಬಿನಲ್ಲಿ ಕೈ ನಿಲ್ಲಬೇಕಲ್ಲ.
ಭಾನುವಾರ ಮರಳು ಕೆದಕುವಾಗ
ಚಿಮಟಕ್ಕೆ ಸಿಕ್ಕಿತು ಒಂದು ತೂತಿನ ಕಾಸು.
ತಾಮ್ರದ್ದು. ಅಂಚಿನಲ್ಲಿ ಹಸಿರು.
ಮೀನಿನ ಕಜ್ಜಿಗೆ ಮದ್ದು, ಹವಳಕ್ಕೆ ಪಾಷಾಣ.

ಎದುರು ಮನೆಯ ಚಂಪೂಬಾಯಿ
ವರ್ಸೋವಾದಲ್ಲಿ ನಲವತ್ತು ವರ್ಷ ಬೊಂಬಿಲ್ ಮಾರಿ
ಮಂಡಿ ಸವೆದ ಮೇಲೆ ಮಗಳ ಫ್ಲ್ಯಾಟಿಗೆ ಬಂದವಳು.
ಮಧ್ಯಾಹ್ನ ನಮ್ಮ ಸ್ಟೂಲಿನಲ್ಲಿ ಕೂತು
'ಚಿಮುಕಲಾ ದರ್ಯಾ' ಅನ್ನುತ್ತಾಳೆ,
ಪುಟಾಣಿ ಕಡಲು.
ನಾರಳಿ ಹುಣ್ಣಿಮೆಗೆ ದಂಡೆಗೆ ಕರೆದೊಯ್ಯುವವರಿರಲಿಲ್ಲ.
ತೆಂಗಿನಕಾಯಿ ಬಿಟ್ಟರೆ ಗಾಜು ಒಡೆದೀತೆಂದು
ಕಾಸು ಬಿಟ್ಟಳಂತೆ, ಮೆಲ್ಲಗೆ, ಸದ್ದಾಗದ ಹಾಗೆ.
ಸುಗಂಧಿ ನೋಡಿದ್ದಳು.
ಅದನ್ನೂ ಹೇಳಿರಲಿಲ್ಲ.

ಬೈಯಲೆಂದೇ ಹೋದೆ.
ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತದೆ ಕೇಳಿದಳು:
'ದರ್ಯಾ ಶಾಂತ ಇದೆಯಾ?'
ಇದೆ, ಅಂದೆ. ವಾಪಸು ಬಂದೆ.

ಆಮೇಲೆ ನೀರು ಬದಲಿಸಿದ್ದು, ಎಂಬತ್ತು ಲೀಟರ್,
ಕ್ಯಾನು ಹೊತ್ತು ಮೆಟ್ಟಿಲು ಹತ್ತಿ.
ನಮ್ಮ ಕಟ್ಟಡದ ಲಿಫ್ಟಿಗೆ ಬೇರೆ ಕಂಪನಿಯ ಗುತ್ತಿಗೆ,
ಮೂರು ವಾರದಿಂದ ನಿಂತಿದೆ.
ಇದ್ದಿಲಿನ ಚೀಲ ಇಳಿಬಿಟ್ಟೆ. ಕಾದೆ.

ಆರನೆಯ ಬೆಳಿಗ್ಗೆ ಪೊರೆ
ನೆಂದ ಪತ್ರಿಕೆಯಂತೆ ಕಳಚಿ ಪಂಪಿನ ಜಾಲರಿಗೆ ಅಂಟಿತ್ತು.
ಅಂಚಿನಲ್ಲಿ ಏಳೆಂಟು ಬೆರಳು,
ಎಳೆ ಕಂದು, ಆ ಕಡೆ ಈ ಕಡೆ.
ನಡುಭಾಗ ಇನ್ನೂ ಮುಚ್ಚಿಯೇ ಇದೆ.
ಕಾಸು ತೆಗೆದದ್ದಕ್ಕೋ, ಕಳಚುವ ಹೊತ್ತು ಬಂದದ್ದಕ್ಕೋ.
ಕೆಲಸದ ರಿಜಿಸ್ಟರಿನಲ್ಲಾದರೆ
'ಕಾರಣ' ಅನ್ನುವ ಅಂಕಣ ಖಾಲಿ ಬಿಡುವ ಹಾಗಿಲ್ಲ.

ಸೋಮವಾರ ನಾಯಗಾಂವಿಗೆ ಕೆಲಸ.
ಖಾಡಿಯ ಸೇತುವೆಯ ಮೇಲೆ
ಎಲ್ಲರೂ ಹೂವು, ನಾಣ್ಯ ಎಸೆಯುವಲ್ಲಿ
ಬಾಗಿಲಲ್ಲಿ ತೂಗಿಕೊಂಡು ನಾನೂ ಎಸೆದೆ ಆ ತೂತಿನ ಕಾಸು,
ಅವಳ ಹೆಸರು ಹೇಳಿ.
ಕಬ್ಬಿಣಕ್ಕೆ ಬಡಿದ ಸದ್ದು ಕೇಳಿಸಿತು.
ನೀರಿಗೆ ಬಿತ್ತೋ ಇಲ್ಲವೋ,
ಗಾಡಿ ಮುಂದೆ ಹೋಗಿತ್ತು.