ಪರಾತಿನ ಬಾಂವಿ

ಮೊದಲ ದಿನ ಬಾಂವಿಗೆ ಕರಕೊಂಡು ಹೋಗಲಿಲ್ಲ.
ಅಂಗಳದಾಗ ಹಿಟ್ಟು ನಾದುವ ಪರಾತ ಇಟ್ಟೆ,
ನಾಕು ಬೆರಳು ನೀರು ಹಾಕಿದೆ.
"ಇದೇ ಬಾಂವಿ" ಅಂದೆ.
ಎಲ್ಲಾ ಹುಡುಗರು ನಕ್ಕರು.
ತಾಯಮ್ಮ ನಗಲಿಲ್ಲ.

ಬಸಿಯಾಗ ಚಾ ಆರಿಸ್ತೀರಲ್ಲ, ಹಂಗ ಊದ್ರಿ.
ನೀರು ಸುಕ್ಕಾಗಿ ಅಂಚಿಗೆ ಓಡಿತು.
ಈಗ ತುಟಿ ಮುಳುಗಿಸಿ ಊದ್ರಿ:
ಗುಳುಗುಳು ಗುಳುಗುಳು,
ಒಲಿ ಮ್ಯಾಲಿನ ಬ್ಯಾಳಿ ನೀವು,
ಕುದೀರಿ, ಕುದೀರಿ,
ಉಕ್ಕಿದವರು ಔಟ್!
ಶ್ಯಾಮೀದನ ಮೂಗಿಗೆ ನೀರು ಏರಿತು,
ಕೆಮ್ಮಿದ, ಸೀನಿದ,
ಮತ್ತ ಬ್ಯಾಳಿ ಆದ.

ನಮ್ಮ ಕಾಲದಾಗ ಬೆನ್ನಿಗೆ ಬೆಂಡು ಕಟ್ಟಿ
ದಂಡಿಯಿಂದ ದೂಡೋದು, ಅತ್ತರ ಅಳಲಿ.
ಸೋದರಮಾವ ನನ್ನ ಹಂಗೇ ದೂಡಿದ್ದ.
ಈಸು ಬಂತು, ಖರೆ.
ಮಾವ ಮಾತ್ರ
ಮತ್ತ ನನಗ ಬೇಕಾಗಲಿಲ್ಲ.

ಹಟ್ಟಿಯ ಆಚೆ ಹೊಲದಾಗ ಹಳೇ ಬಾಂವಿ.
ಹದಿನೇಳು ಮೆಟ್ಟಲು ಬಿಸಲಾಗ,
ಹದಿನೆಂಟನೇದು ನೀರಾಗ, ಅಗಲ,
ಹುಡುಗರ ಎದಿಮಟ.
ಒಂದು ವಾರ ಬರೇ ಕಾಲು ಇಳಿಬಿಟ್ಟು ಕುಂತು
ಕಪ್ಪಿಗೆ ಸಲಾಂ ಹೇಳಿದ್ವಿ.

ಆಮ್ಯಾಲ ಫೋನಿನ ಆಟ.
ಒಬ್ಬ ನೀರಾಗ ಬಾಯಿಟ್ಟು ಹೆಸರು ಹೇಳಬೇಕು,
ಒಬ್ಬ ಕಿವಿ ಮುಳುಗಿಸಿ ಕೇಳಬೇಕು.
ಸೂಗೂರಪ್ಪ ಅಂದದ್ದು
ಬೂಬೂಬಬ್ಬ ಆಗಿ ಮುಟ್ಟಿತು.
ಆ ಹುಡುಗಗ ಇವತ್ತಿಗೂ ಅದೇ ಹೆಸರು,
ಸಾಲ್ಯಾಗ ಹಾಜರಿ ಕೂಗಿದಾಗಲೂ
ಹಿಂದಿನ ಬೆಂಚಿನಿಂದ ಬೂಬೂಬಬ್ಬ.

ಎರಡು ಕಲ್ಲು ತಗೊಂಡು ನೀರೊಳಗ ಬಡಿದೆ:
ಟಕ್.
"ತಾತಾ, ನನ್ನ ತಲಿಯೊಳಗ ಬಡೀತು!"
ಕಣ್ಣು ತೆರೆಯೋ ಆಟಕ್ಕ
ನನ್ನ ಬೆರಳು ನೀರಾಗ ಎಷ್ಟು? ಮೂರು.
ಸುಳ್ಳು, ಎರಡೂವರಿ;
ಮಡಿಚಿದ್ದ ಒಂದು ಬೆರಳಿಗೆ ಅರ್ಧ ಮಾರ್ಕು.

ಚಮಚದ ಆಟಕ್ಕ ಮನಿಯಾಕಿ
ಐದು ಚಮಚ ಎಣಿಸಿ ಕೊಟ್ಟಿದ್ಲು.
ನಾಕು ಮ್ಯಾಲ ಬಂದವು.
ಒಂದು ಜಾರಿ ಹತ್ತೊಂಬತ್ತನೇ ಮೆಟ್ಟಲಿಗೆ ಹೋತು.

ತಾಯಮ್ಮ ಹದಿನೇಳನೇದರ ಮ್ಯಾಲೇ ಕುಂತಿದ್ಲು,
ಎಲ್ಲಾ ಆಟಕ್ಕೂ ಅಂಪೈರ್.
ಒಂದಿನ ಕೇಳಿದಳು:
"ತಾತ, ಗಣಿಗೆ ಇಳೀವಾಗ
ನೀವು ಉಸುರು ಹಿಡೀತಿದ್ರೇನು?"
ಆಕಿ ಅಪ್ಪ ಈಗ ಅಲ್ಲೇ, ಎರಡನೇ ಪಾಳಿ,
ನಾವು ಕುಂತ ನೆಲದ ಕೆಳಗ ಎಲ್ಲೋ.

ಮೂವತ್ತೊಂದು ವರ್ಷ ಇಳಿದವ ನಾನು.
ಮೊದಲ ದಿನ ಕೇಜಿನಾಗ
ಕಣ್ಣು ಗಟ್ಟಿ ಮುಚ್ಚಿದ್ದೆ, ಅಂದೆ.
ಬಾಜೂಕ ನಿಂತಾವ ಶೇಂಗಾ ತಿನ್ನಾಕತ್ತಿದ್ದ,
ಕರುಮ್ ಕರುಮ್,
ಕತ್ತಲಿ ಬಂತು, ಕಿವಿ ಕಟ್ಟಿತು,
ಅಂವ ತಿನ್ನೋದು ಬಿಡಲಿಲ್ಲ.
ಆ ಸಪ್ಪಳ ಹಿಡಕೊಂಡು ಇಳಿದೆ.
ಕೆಳಗ ಮುಟ್ಟಿದ ಮ್ಯಾಲ ನನಗೂ ನಾಕು ಕಾಳು ಕೊಟ್ಟ.

ತಾಯಮ್ಮ ಬಾಳ ಹೊತ್ತು ವಿಚಾರ ಮಾಡಿದಳು.
"ನೀರಾಗ ಶೇಂಗಾ ತಿನ್ನಾಕ ಬರ್ತದೇನು?"

ಗೊತ್ತಿಲ್ಲವಾ, ಯಾರೂ ಕೇಳಿದ್ದಿಲ್ಲ.

ಮರುದಿನ ಕಿಸೆದಾಗ ಹುರಿದ ಶೇಂಗಾ.
ಒಂದು ಕಾಳು ನನ್ನ ಹಲ್ಲಿನ ನಡುವ,
ತುಟಿ ಗಟ್ಟಿ ಮುಚ್ಚಿ
ಇಬ್ಬರೂ ಕೈ ಹಿಡಕೊಂಡು ಮುಳುಗಿದ್ವಿ.
ಹಸಿರ ಬೆಳಕು. ಆಕಿ ಜಡಿ ಎದ್ದು ತೇಲಿತು.
ಕರುಮ್.
ಆಕಿ ಕಣ್ಣು ತೆರೆದಿದ್ದು ನಾನು ನೋಡಿದೆ.

ಎದಿಯಾಗ ಗಣಿಯ ಧೂಳು ಇದ್ದಾವ,
ಆರಕ್ಕ ಎದ್ದುಬಿಟ್ಟೆ.
ಆಕಿ ಕೈ ಬಿಡಿಸಿಕೊಂಡಳು, ಏಳಲಿಲ್ಲ.
ಮೆಟ್ಟಲ ಮ್ಯಾಲೆ ಹುಡುಗರು ಎಣಿಸಿದರು: ಏಳು!
ನಾನೂ ಕೂಗಿದೆ: ಏಳು!
ನನ್ನದು ಎಣಿಕಿ ಆಗಿರಲಿಲ್ಲ.
ಎಂಟು, ಅಂದರು ಅವರು.
ಒಂಬತ್ತು. ಹತ್ತು.

ಹನ್ನೊಂದಕ್ಕ ಎದ್ದಳು, ಮೂಗು ಸೋರಿಕೋತ,
"ತಾತ ಔಟ್" ಅಂತ.
"ಚಮಚ ಅಲ್ಲೇ ಐತಿ. ಪಾಚಿ ಹತ್ತೇತಿ. ನೋಡಿದೆ."
ಮತ್ತ್ಯಾಕ ತರಲಿಲ್ಲವಾ?
"ನಾಳಿಗೆ ಬೇಕಲ್ಲ."

ಮನಿಯಾಕಿ ಇನ್ನೂ ಚಮಚ ಎಣಿಸಾಕತ್ತಾಳ.
ನಾನು ಶೇಂಗಾ ಜಾಸ್ತಿ ಹುರಿ ಅಂತ ಹೇಳೀನಿ.